ಎಂಎಲ್‌ಎ ಮದುವಿಗೆ ಬಂದ್ರ ಅದು ಜನಸೇವಾ ಅಂತಾರೇನ್ರಿ?

ಕಬ್ಬಿನಗಾಡಿ:
ಎಲ್ಲಾರಿಗೂ ನಮಸ್ಕಾರ್ರಿ. ಒಂದು ಮಾತು ವಾರದಿಂದ ತಲ್ಯಾಗ ಕೊರ್ಯಾಕತ್ತೈತಿ, ಇಲ್ಲಿ ಬರದ್ರ ಹಗುರ ಆಗ್ತೈತೇನೋ ಅಂತ ಬರ್ಯಾಕತ್ತೀನಿ.

ಮೊನ್ನೆ ನಮ್ಮ ಕಾಕಾನ ಮಗಳ ಮದುವಿ ಇತ್ತು. ಅಕ್ಕಿಕಾಳು ಬೀಳೂದಕ್ಕ ಇನ್ನ ಹತ್ತು ನಿಮಿಷ ಇರಬೇಕಾದ್ರ ಹೊರಗ ಗಾಡಿ ಸಪ್ಪಳ ಆತು, ಸಾಹೇಬ್ರು ಬಂದ್ರು ಸಾಹೇಬ್ರು ಬಂದ್ರು ಅಂತ ಅರ್ಧ ಮಂದಿ ಎದ್ದು ನಿಂತ್ರು, ಅಯ್ಯನೋರು ಮಂತ್ರ ನಿಲ್ಸಿದ್ರು, ಪಾಪ ಮದುಮಗ ಬಾಸಿಂಗ ಕಟ್ಕೊಂಡು ಹಂಗ ನಿಂತಾನ, ಅವನ ಕಡೆ ನೋಡೋರ ಇಲ್ಲ. ಶಾಲು ಹೊಚ್ಚಿದ್ರು, ಪಟಗಾ ಸುತ್ತಿದ್ರು, ಹಾರ ಹಾಕಿದ್ರು. ಎಂಎಲ್‌ಎ ಸಾಹೇಬ್ರು ಜೋಡಿ ಮ್ಯಾಲ ಎರಡ ಕಾಳು ಅಕ್ಷತಾ ಒಗದು, ಫೋಟೋಕ್ಕ ನಿಂತು, ಮುಂದಿನ ಮದುವಿಗೆ ಹೋದ್ರು. ನಾ ಮೊಬೈಲ್‌ನಾಗ ವಿಡಿಯೋ ಮಾಡಿದ್ದೆ, ಒಟ್ಟು ನಾಕ ನಿಮಿಷ ಹನ್ನೊಂದು ಸೆಕೆಂಡ್. ಊಟದ ಪಂಕ್ತಿಯೊಳಗ ನಮ್ಮ ಕಾಕಾ ಅಂತಾನ, "ಎಂಥಾ ದೊಡ್ಡ ಮನುಷ್ಯಾನೋ, ಜನಸೇವಾ ಅಂದ್ರ ಹಿಂಗಿರಬೇಕು, ಕರದ್ರ ಬರ್ತಾನ ನೋಡು."

ನಮ್ಮ ಹೊಲದ ದಾರಿಗೆ ಒಂದು ಸಿಡಿ ಇತ್ತು, ಹಳ್ಳದ ಮ್ಯಾಲಿನ ಸಣ್ಣ ಮೋರಿ. 2019ರ ಮಹಾಪೂರದಾಗ ಕಿತ್ಕೊಂಡು ಹೋತು. ಅವತ್ತಿಂದ ಕಬ್ಬು ಕಡಿಯೂ ಟೈಮಿಗೆ ಟ್ರ್ಯಾಕ್ಟರ್ ಹುದಲಾಗ ಹೂತು, ಇನ್ನೊಂದು ಟ್ರ್ಯಾಕ್ಟರ್ ತಂದು ಎಳಸೂದು, ಅದಕ್ಕೊಂದು ಬಾಡಿಗಿ, ಡ್ರೈವರ್‌ಗೊಂದು ಖುಷಿ. ಮದುವ್ಯಾಗ ಇದ್ದವ್ರ ಪೈಕಿ ಕಮ್ಮಿ ಅಂದ್ರೂ ಮೂವತ್ತು ಮಂದಿದು ಅದ ದಾರ್ಯಾಗ ಹೊಲ ಐತಿ. ಒಬ್ಬ, ಒಬ್ಬನಾರ ಸಿಡಿ ಬಗ್ಗೆ ಬಾಯಿ ಬಿಟ್ಟಿಲ್ಲ. ಎಲ್ಲಾರ್ದೂ ಸೆಲ್ಫಿ.

ಹಂಗಾರ ಎಂಎಲ್‌ಎಂದು ಸೇವಾ ಅಂದ್ರ ಏನು? ಯಾವ ಕ್ಷೇತ್ರ, ಯಾವ ಪಾರ್ಟಿ ಅಂತ ಕೇಳಬ್ಯಾಡ್ರಿ, ಬೆಳಗಾವಿಗೆ 18, ಬಾಗಲಕೋಟಿಗೆ 7, ವಿಜಯಪುರಕ್ಕ 8, ನಮ್ಮ ಮೂರೂ ಜಿಲ್ಲಾದಾಗ 33 ಮಂದಿ ಅದಾರ, ಯಾರಿಗೆ ಬೇಕಾದ್ರೂ ಹಚ್ಕೋರಿ.

ಜವಾರಿ ಹುಡ್ಗ:
ಸೇವಾ ಅಂದ್ರ ಅವ್ರದ ಅವ್ರು ಮಾಡ್ಕೊಳ್ಳೂದು ದೋಸ್ತ. 2025ರ ಮಾರ್ಚ್‌ದಾಗ ಬರೇ ಮೂಲ ಪಗಾರನ 40 ಸಾವಿರದಿಂದ 80 ಸಾವಿರ ಮಾಡ್ಕೊಂಡ್ರಲ್ಲ, ಭತ್ತೆ ಬ್ಯಾರೆ. ಅವತ್ತು ಆ ಬಿಲ್ಲು ಎಷ್ಟೊತ್ತಿನಾಗ ಪಾಸಾತು ನೋಡಿ? ನಿಮ್ಮ ಸಿಡಿ ಏಳು ವರ್ಷಾತು. ಥ್ರೆಡ್ ಬಂದ್ ಮಾಡ್ರಿ.

ರಿಟೈರ್ಡ್ ಮಾಸ್ತರ್:
ಬಂದ್ ಯಾಕ ಮಾಡಬೇಕೋ ತಮ್ಮಾ, ಈಗ ಶುರು ಆಗೈತಿ.

ಕಬ್ಬಿನಗಾಡಿ ಅವ್ರ, ನೀವು ಕೃಷ್ಣಾ ದಂಡಿಯವ್ರ ಇರಬೇಕು, ಹಂಗಾದ್ರ ಸಿದ್ದು ನ್ಯಾಮಗೌಡ್ರ ಹೆಸರು ಹೇಳದ ಈ ಚರ್ಚಾ ಮುಂದ ಹೋಗಂಗಿಲ್ಲ. ನಾ ಆವಾಗ ಜಮಖಂಡಿ ತಾಲೂಕಿನ ಒಂದು ಹಳ್ಳಿ ಸಾಲ್ಯಾಗ ಇದ್ದೆ. ಬ್ಯಾಸಿಗಿ ಬಂತಂದ್ರ ಹೊಳಿ ಒಳಗ ಉಸುಕು, ಮಂದಿ ಒರತಿ ತೋಡಿ ಚರಿಗಿಲೆ ನೀರು ತುಂಬೂದು, ದಂಡ್ಯಾಗ ಇದ್ದು ಬಾಯಾರಿ ಸಾಯೂದು ಅಂದ್ರ ಅದ. ಸರ್ಕಾರಕ್ಕ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿತ್ತು ರೈತರಿಗೆ. ಕಡೀಕ ಕೃಷ್ಣಾ ತೀರ ರೈತ ಸಂಘ ಅಂತ ಮಾಡ್ಕೊಂಡು, ತಮ್ಮ ತಮ್ಮ ಕಿಸೇದಿಂದ ರೊಕ್ಕ ಹಾಕಿ, ಕೈಲೆ ಕೆಲಸ ಮಾಡಿ, ಚಿಕ್ಕಪಡಸಲಗಿ ಹತ್ರ ಕೃಷ್ಣಾ ಹೊಳಿಗೆ ತಾವ ಬ್ಯಾರೇಜ್ ಕಟ್ಟಿದ್ರು. 1989. ಅದಕ್ಕ ಇಟ್ಟ ಹೆಸರು ನೋಡ್ರಿ ಎಂಥಾದ್ದು, ಶ್ರಮಬಿಂದು ಸಾಗರ. ಬೆವರ ಹನಿ ಸಮುದ್ರ. ಮುಂದಾಳು ಸಿದ್ದು ನ್ಯಾಮಗೌಡ್ರು, ಆವಾಗ ಎಂಎಲ್‌ಎನೂ ಅಲ್ಲ ಎಂಪಿನೂ ಅಲ್ಲ, ಒಬ್ಬ ರೈತ.

ಮುಂದ ಎರಡ ವರ್ಷಕ್ಕ, 1991ರ ಲೋಕಸಭಾ ಚುನಾವಣಿಯೊಳಗ ಬಾಗಲಕೋಟಿಯಿಂದ ನಿಂತವ್ರು ಯಾರ ಎದುರಿಗೆ? ರಾಮಕೃಷ್ಣ ಹೆಗಡೆಯವ್ರ ಎದುರಿಗೆ. ಮುಖ್ಯಮಂತ್ರಿ ಆಗಿ ಇಡೀ ದೇಶಕ್ಕ ಹೆಸರು ಮಾಡಿದ ಮನುಷ್ಯಾನ್ನ ಬ್ಯಾರೇಜ್ ಕಟ್ಟಿದ ರೈತ ಸೋಲಿಸಿದ. ನರಸಿಂಹರಾಯರ ಸರ್ಕಾರದಾಗ ಕಲ್ಲಿದ್ದಲು ಖಾತೆಯ ರಾಜ್ಯ ಸಚಿವ್ರೂ ಆದ್ರು. ಸಾಯೂತನಾ ಮಂದಿ ಅವ್ರನ್ನ ಕರದದ್ದು ಮಾತ್ರ "ಬ್ಯಾರೇಜ್ ಸಿದ್ದು" ಅಂತನ. ಮಂತ್ರಿ ಅಂತ ಕರದವ್ರನ್ನ ನಾ ಕಂಡಿಲ್ಲ.

ಕುಣಿಮಗ್ಗ:
ಮಾಸ್ತರ ಹೇಳಿದ್ದು ಖರೆ ಐತಿ, ನಮ್ಮ ರಬಕವಿ-ಬನಹಟ್ಟಿ ಕಡೆನೂ ಆ ಹೆಸರು ಭಾಳ ದೊಡ್ಡದು. ಈಗೂ ಬ್ಯಾಸಿಗ್ಯಾಗ ಆಲಮಟ್ಟಿ ಹಿನ್ನೀರನ್ನ ಪಂಪ್‌ಸೆಟ್ ಹಚ್ಚಿ ಎತ್ತಿ ಆ ಬ್ಯಾರೇಜಿಗೆ ತುಂಬಸ್ತಾರ ರೈತರು, ಗೊತ್ತಿಲ್ಲದವ್ರು ಒಮ್ಮೆ ಹೋಗಿ ನೋಡ್ರಿ. ಹೊಳಿ ಕೆಳಗಿಂದ ಮ್ಯಾಲಕ ಹರಿಯೂದು ಅಂತ ನಮ್ಮ ಹುಡುಗ್ರು ನಗ್ತಾವು.

ಆದ್ರ ಒಂದು ಮಾತು. ಬ್ಯಾರೇಜ್ ಕಟ್ಟಿದಾಗ ಅವ್ರು ಶಾಸಕರಾಗಿರಲಿಲ್ಲ ಅಂತ ನೀವ ಹೇಳಿದ್ರಿ. ಹಂಗಾರ ಅದು ಶಾಸಕರ ಸೇವಾ ಹೆಂಗ ಆತ್ರಿ? ರೈತರ ಸೇವಾ ಆತು.

ರಿಟೈರ್ಡ್ ಮಾಸ್ತರ್:
ಅದನ್ನ ಹೇಳೂದಿತ್ತು, ನೀವ ಬಾಯಿಗೆ ತಂದ್ರಿ. ಬ್ಯಾರೇಜ್ ಕಟ್ಟಿದ್ದು 1989, ವಿಧಾನಸಭಾಕ್ಕ ಜಮಖಂಡಿಯಿಂದ ಆರಿಸಿ ಬಂದದ್ದು 2013. ಇಪ್ಪತ್ನಾಕು ವರ್ಷ! ನಡುವ ನಾವ ಅವ್ರನ್ನ ಸೋಲಿಸೀವಿ, ಮತ್ಯಾರೋ ಅಲ್ಲ. ಬ್ಯಾರೇಜಿನ ನೀರು ಕುಡಿದವ್ರ ಸೋಲಿಸಿದ್ದು. ನೀರು ಬಂತು, ಕಬ್ಬು ಹಚ್ಚಿದ್ವಿ, ರೊಕ್ಕ ಬಂತು, ಆಮ್ಯಾಲ ಜಾತಿ ನೋಡಿದ್ವಿ, ಪಾರ್ಟಿ ನೋಡಿದ್ವಿ, ಯಾರು ನಮ್ಮ ಮನಿ ಕಾರ್ಯಕ್ಕ ಬಂದಿದ್ರು ಅಂತ ನೋಡಿದ್ವಿ. 2018ರಾಗ ಎರಡನೇ ಸಲ ಗೆದ್ದು ಹದಿನೈದು ದಿನ ಆಗಿರಲಿಲ್ಲ, ಮೇ 28ಕ್ಕ ತುಳಸಿಗೇರಿ ಹತ್ರ ಗಾಡಿ ಅಪಘಾತದಾಗ ಹೋದ್ರು. ಮಣ್ಣಿಗೆ ಹೋಗಿದ್ದೆ ನಾನೂ.

ಹಳೇ ಪಿಎ:
ಸಾಹಿತಿಗಳಂಗ ಬರಿಯಾಕ ನಂಗ ಬರಂಗಿಲ್ಲ, ಆದ್ರ ನಾ ಎಂಟು ವರ್ಷ ಒಬ್ಬ ಶಾಸಕರ ಹತ್ರ ಪಿಎ ಆಗಿದ್ದವ, ಈಗ ಬಿಟ್ಟೀನಿ, ಹೆಸರು ಜಿಲ್ಲಾ ಕೇಳಬ್ಯಾಡ್ರಿ. ಮದುವಿ ವಿಷಯಕ್ಕ ಬೈಯೂ ಮೊದಲ ಒಂದು ದಿನದ ಲೆಕ್ಕ ಕೇಳ್ರಿ.

ಬೆಳಿಗ್ಗೆ ಆರಕ್ಕ ಮನಿ ಮುಂದ ಮಂದಿ. ಚಾ ಕಾಸೂದು ದೊಡ್ಡ ಬೋಗೋಣ್ಯಾಗ, ಮಾಪ್ ಇಲ್ಲ. ಒಬ್ಬಂದು ಟಿಸಿ, ಅಂದ್ರ ಕರೆಂಟಿನ ಟ್ರಾನ್ಸ್‌ಫಾರ್ಮರ್, ಸುಟ್ಟೈತಿ, ಹೊಲಕ್ಕ ನೀರಿಲ್ಲ, ಹೆಸ್ಕಾಂದವ್ರಿಗೆ ಫೋನ್ ಮಾಡ್ರಿ ಅಂತ ಕುಂತಾನ. ಒಬ್ಬಾಕಿ ಮಗನ್ನ ದವಾಖಾನಿಗೆ ಹಾಕ್ಯಾಳ, ಬಿಲ್ ಕಡಿಮಿ ಮಾಡಸ್ರಿ ಅಂತ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಪತ್ರ ಬೇಕಾದವ್ರು ನಾಕ ಮಂದಿ. ಉಳುಮಿ ಮಾಡೂ ಸರ್ಕಾರಿ ಜಮೀನು ತಮ್ಮ ಹೆಸರಿಗೆ ಸಕ್ರಮ ಮಾಡ್ರಿ ಅಂತ ಬಗರ್ ಹುಕುಂ ಫಾರ್ಮ್ 57 ಹಾಕಿದವ್ರು ಹತ್ತು ಮಂದಿ, ಯಾಕಂದ್ರ ಆ ಸಕ್ರಮ ಕಮಿಟಿಗೆ ಶಾಸಕರ ಅಧ್ಯಕ್ಷರು. ಅಣ್ತಮ್ಮಂದಿರ ಬದು ಜಗಳ. ಓಡಿ ಹೋದ ಹುಡುಗಿ. ಒಮ್ಮೆ ಒಬ್ಬಾಂವ ಬಂದು ಎಮ್ಮಿ ಕಳದೈತಿ ಪಿಎಸ್‌ಐಗೆ ಹೇಳ್ರಿ ಅಂದ, ನಾವು ನಕ್ವಿ, ಸಾಹೇಬ್ರು ನಗಲಿಲ್ಲ, ಫೋನ್ ಮಾಡಿದ್ರು. ಎಮ್ಮಿ ಸಿಕ್ತು ಕೂಡ.

ಇನ್ನ ಮದುವಿ ಕಾರ್ಡು. ಸೀಜನ್‌ದಾಗ ಒಂದು ದಿನಕ್ಕ ನಲವತ್ತರ ತನಾ ಬರ್ತಿದ್ದು, ಮೂಲಿಗೆ ಅರಿಷಿಣ ಹಚ್ಚಿದ್ದು. ನಾ ಅವನ್ನ ಮೂರು ಗುಡ್ಡಿ ಮಾಡ್ತಿದ್ದೆ. ಹೋಗಲೇಬೇಕಾದ್ದು, ದಾರ್ಯಾಗ ಬಂದ್ರ ಹೋಗೂದು, ಸಾಹೇಬ್ರ ಮಗನ್ನೋ ತಮ್ಮನ್ನೋ ಕಳಸೂದು. ಒಂದು ಮದುವಿ ತಪ್ಪಿದ್ರ ಆ ಮನ್ಯಾಗಿನ ವೋಟು ಅಷ್ಟ ಅಲ್ಲ, ಆ ಓಣಿದ ತಪ್ತಾವು, ಅದನ್ನ ಮಂದಿ ಐದು ವರ್ಷ ನೆನಪಿಡ್ತಾರ. ಸಿಡಿ ಕಟ್ಟಿಸಿದ್ದು ಒಂದು ಮಳಿಗಾಲಕ್ಕ ಮರೀತಾರ. ಇದು ನನ್ನ ಅನುಭವ, ಸಿಟ್ಟಾಗಬ್ಯಾಡ್ರಿ.

ಪತ್ರದ ವಿಷಯಾನೂ ಹೇಳಿಬಿಡ್ತೀನಿ, ಈಗ ಏನೂ ಹೆದರಿಕಿ ಇಲ್ಲ. ಬಂದವ್ರಿಗೆಲ್ಲ ಲೆಟರ್‌ಹೆಡ್ಡಿನ ಮ್ಯಾಲ ಶಿಫಾರಸು ಪತ್ರ ಕೊಡ್ತಿದ್ವಿ, ಯಾರನ್ನೂ ಬರಿಗೈಲೆ ಕಳಸಂಗಿಲ್ಲ. ಆದ್ರ ಸಾಹೇಬ್ರದು ಎರಡ ಸಹಿ ಇದ್ದು. ಗಿಡ್ಡ ಸಹಿ ಇದ್ರ "ಬಂದಿದ್ರು, ಕೊಟ್ಟೀನಿ, ನೋಡ್ರಿ" ಅಂತ. ಪೂರಾ ಹೆಸರು ಬರದು ಕೆಳಗ ತಾರೀಖು ಹಾಕಿದ್ರ "ಇದು ಆಗಲೇಬೇಕು" ಅಂತ. ಆಫೀಸಿನವ್ರಿಗೆಲ್ಲ ಇದು ಗೊತ್ತಿತ್ತು, ಮಂದಿಗೆ ಗೊತ್ತಿರಲಿಲ್ಲ. ಪತ್ರ ತಗೊಂಡಾಂವ ಹಣಿಗೆ ಒತ್ಕೊಂಡು ಹೋಗ್ತಿದ್ದ, ನಂಗ ಹೊಟ್ಟ್ಯಾಗ ಕಲಮಲ ಆಗ್ತಿತ್ತು.

ಜವಾರಿ ಹುಡ್ಗ:
ಅಬ್ಬಾ. ದೇವರು ಕೊಟ್ರೂ ಪೂಜಾರಿ ಕೊಡಂಗಿಲ್ಲ ಅಂತಿದ್ವಿ, ಇಲ್ಲಿ ದೇವರಿಗೇ ಎರಡ ಸಹಿ.

ಗುಮ್ಮಟದ ಹಕ್ಕಿ:
ನಾನು ವಿಜಯಪುರದಕಿ. ಈ ಥ್ರೆಡ್‌ನಾಗ ಇಷ್ಟೊತ್ತು ಬರೇ ಗಂಡಸರ ಲೆಕ್ಕನ ಬಂತು ನೋಡ್ರಿ. ಹಳೇ ಪಿಎ ಅಣ್ಣಾರ, ನಿಮ್ಮ ಬೆಳಿಗ್ಗಿ ಆರರ ಮಂದಿಯೊಳಗ ಎಷ್ಟು ಹೆಣ್ಮಕ್ಕಳು ಇದ್ರು? ನಮ್ಮ ಅತ್ತಿ ವಿಧವಾ ವೇತನ ನಿಂತಾಗ ನಾನ ಕರ್ಕೊಂಡು ಹೋಗಿದ್ದೆ ಒಬ್ಬ ಶಾಸಕರ ಮನಿಗೆ. ಪಡಸಾಲ್ಯಾಗ ಕುರ್ಚಿ ತುಂಬ ಗಂಡಸರು, ಯಾರೂ ಏಳಲಿಲ್ಲ, ನಾವಿಬ್ರು ಚಪ್ಪಲಿ ಬಿಡೂ ಜಾಗದಾಗ ಒಂದೂವರಿ ತಾಸು ನಿಂತ್ವಿ. ಆಮ್ಯಾಲ ಪತ್ರ ಸಿಕ್ತು, ಯಾವ ಸಹಿ ಇತ್ತೋ ಈಗ ಅನುಮಾನ ಬರ್ಲಿಕ್ಕತ್ತದ. ಕೆಲಸ ಆಗಿದ್ದು ಆ ಪತ್ರದಿಂದ ಅಲ್ಲ. ನಾಡಕಚೇರಿಯೊಳಗ ಕಂಪ್ಯೂಟರ್ ಮುಂದ ಕೂತ ಹುಡುಗಿ ನೋಡಿ, "ಅಕ್ಕಾರ, ಆಧಾರಕ್ಕೂ ಬ್ಯಾಂಕ್ ಖಾತೆಗೂ ಹೆಸರು ಒಂದ ಅಕ್ಷರ ಫರಕ್ ಅದ, ಬ್ಯಾಂಕಿನಾಗ ಸರಿ ಮಾಡಿಸ್ರಿ" ಅಂದ್ಲು. ಮುಗೀತು. ಎರಡ ತಿಂಗಳಿಗೆ ರೊಕ್ಕ ಬಂತು.

ಹಂಗಂತ ಶಾಸಕರು ಬ್ಯಾಡ ಅನ್ನಂಗಿಲ್ಲ ನಾನು. ನಮ್ಮ ಜಿಲ್ಲಾಕ್ಕ ಬರಗಾಲದ ಜಿಲ್ಲಾ ಅಂತನ ಹೆಸರಿತ್ತು, ಈಗ ಮುಳವಾಡ ಏತ ನೀರಾವರಿಯಿಂದ ಕಾಲುವಿ ಬಂದಾವ, ಕೆರಿ ತುಂಬಸ್ತಾರ, ಮಮದಾಪುರ ಕೆರಿ ತುಂಬಿದ್ದು ನೋಡ್ಲಿಕ್ಕೆ ನಮ್ಮ ಮನಿ ಮಂದಿಯೆಲ್ಲ ಬುತ್ತಿ ಕಟ್ಕೊಂಡು ಹೋಗಿದ್ವಿ. ಆದಿಲ್‌ಶಾಹಿ ಕಾಲದ ಕೆರಿ, ನಮ್ಮ ಅಪ್ಪ ಅದರಾಗ ದನಾ ಮೇಯಿಸ್ಯಾನ, ಆ ಕೆರಿ ದಂಡಿಗೆ ಕೂತು ನಾ ರೊಟ್ಟಿ ತಿಂದೆ. ಅದು ಯಾರದೋ ಮದುವಿಗೆ ಹೋಗಿದ್ದಕ್ಕ ಬಂದ ನೀರಲ್ಲ. ವರ್ಷಾನುಗಟ್ಟಲೆ ಸದನದಾಗ ಕೇಳಿ, ಬಜೆಟ್‌ನಾಗ ಹಾಕಿಸಿ, ಟೆಂಡರ್ ಬೆನ್ನು ಹತ್ತಿ ಆದದ್ದು. ಆ ಕೆಲಸ ಮಾಡೂಮುಂದ ಯಾರೂ ಫೋಟೋ ತಗಿಯಂಗಿಲ್ಲ, ಯಾಕಂದ್ರ ಅಲ್ಲಿ ಬರೇ ಫೈಲ್ ಇರ್ತಾವ.

ಹಳೇ ಪಿಎ:
ತಂಗೀ, ತಪ್ಪಾತು. ಹೆಣ್ಮಕ್ಕಳು ಬರೂದು ಭಾಳ ಕಡಿಮಿ, ಬಂದ್ರೂ ಗಂಡನೋ ಅಣ್ಣನೋ ಮಾತಾಡ್ತಿದ್ದ.

ಕುಂದಾ ಪ್ರೇಮಿ:
ಬೆಳಗಾವಿಯಿಂದ ನಾನು. ಸದನದ ಮಾತು ಬಂತಲ್ಲ, ಅದಕ್ಕ ಬರ್ಯಾಕತ್ತೀನಿ. ನಮ್ಮ ಊರಾಗ ಸುವರ್ಣ ವಿಧಾನಸೌಧ ಐತಿ, 2012ರ ಅಕ್ಟೋಬರ್ 11ಕ್ಕ ರಾಷ್ಟ್ರಪತಿ ಪ್ರಣಬ್ ಮುಖರ್ಜಿಯವ್ರು ಬಂದು ಉದ್ಘಾಟನೆ ಮಾಡಿದ್ದು. ಚಳಿಗಾಲದ ಅಧಿವೇಶನ ಅಂದ್ರ ಎರಡ ವಾರ ಊರು ತುಂಬ ಸರ್ಕಾರಿ ಗಾಡಿ, ಲಾಡ್ಜ್ ಎಲ್ಲಾ ಫುಲ್, ಆಟೋದವ್ರಿಗೆ ಹಬ್ಬ, ಸುವರ್ಣಸೌಧದ ಹತ್ರ ದಿನಾ ಹತ್ತು ಸಂಘಟನಿ ಪ್ರತಿಭಟನಾ ಟೆಂಟ್. ಉಳದ ವರ್ಷ ಆ ಕಟ್ಟಡ ಹೈವೇದಿಂದ ನೋಡಾಕ ಚಂದ.

ಆದ್ರ ನಾ ಹೇಳೂದು ಬ್ಯಾರೆ. ವಿಧಾನಸಭಾ ವೆಬ್‌ಸೈಟ್‌ನಾಗ ಶಾಸಕರು ಕೇಳಿದ ಪ್ರಶ್ನೆ, ಮಂತ್ರಿ ಕೊಟ್ಟ ಉತ್ತರ ಪಿಡಿಎಫ್ ಸಿಗ್ತಾವು, ಯಾರಾರ ನೋಡೀರೇನು? ನಂಗ ಅದೊಂದು ಹುಚ್ಚು, ರಾತ್ರಿ ನಿದ್ದಿ ಬರದಿದ್ರ ಓದ್ತೀನಿ. ಮ್ಯಾಲ ಶಾಸಕರ ಹೆಸರು, ಕ್ಷೇತ್ರ, ಚುಕ್ಕೆ ಗುರುತಿನ ಪ್ರಶ್ನೆನೋ (ಅದಕ್ಕ ಮಂತ್ರಿ ಸದನದಾಗ ಬಾಯಿಲೆ ಉತ್ತರ ಕೊಡಬೇಕು) ಗುರುತಿಲ್ಲದ್ದೋ, ಉತ್ತರಿಸುವ ದಿನಾಂಕ. ಕೆಳಗ ಎರಡ ಕಾಲಂ, ಎಡಕ್ಕ ಪ್ರಶ್ನೆ ಬಲಕ್ಕ ಉತ್ತರ. ಅ) ಇಂಥಾ ತಾಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರಿಲ್ಲದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಉತ್ತರ: ಬಂದಿದೆ. ಆ) ಬಂದಿದ್ದಲ್ಲಿ, ಯಾವಾಗ ನೇಮಿಸಲಾಗುವುದು? ಉತ್ತರ: ಪರಿಶೀಲನೆಯಲ್ಲಿದೆ. ಇ) ವಿಳಂಬಕ್ಕೆ ಕಾರಣವೇನು? ಉತ್ತರ: ಉದ್ಭವಿಸುವುದಿಲ್ಲ.

"ಬಂದಿದೆ", "ಪರಿಶೀಲನೆಯಲ್ಲಿದೆ", "ಉದ್ಭವಿಸುವುದಿಲ್ಲ". ನಮ್ಮ ಮನ್ಯಾಗ ಈಗ ಇದ ಭಾಷಾ ಆಗೈತಿ, ಹೆಂಡ್ತಿ ಗ್ಯಾಸ್ ಬುಕ್ ಮಾಡೀರೇನ್ರಿ ಅಂದ್ರ ಪರಿಶೀಲನೆಯಲ್ಲಿದೆ ಅಂತೀನಿ.

ನಗಬ್ಯಾಡ್ರಿ ಆದ್ರ. ಆ "ಬಂದಿದೆ" ಅನ್ನೂ ಒಂದು ಶಬ್ದ ಸರ್ಕಾರದ ಬಾಯಿಂದ ಬರಸೂದು ಸಣ್ಣ ಕೆಲಸ ಅಲ್ಲ. ಹಳ್ಳಿಯೊಳಗ ಡಾಕ್ಟರ್ ಇಲ್ಲ ಅಂತ ನಾವು ನೂರು ಸಲ ಹೇಳಿದ್ರ ಅದು ಮಾತು. ಶಾಸಕ ಪ್ರಶ್ನೆ ಹಾಕಿದ್ರ ಇಲಾಖೆ ಸೆಕ್ರೆಟರಿ ಜಿಲ್ಲಾಕ್ಕ ಬರೀತಾನ, ಜಿಲ್ಲಾ ತಾಲೂಕಿಗೆ ಬರೀತೈತಿ, ಯಾರೋ ಒಬ್ಬ ಗುಮಾಸ್ತ ಹೋಗಿ ಎಷ್ಟು ಹುದ್ದೆ ಖಾಲಿ ಅಂತ ಎಣಸ್ತಾನ, ಮಂತ್ರಿ ಸಹಿ ಹಾಕ್ತಾನ. ನಾಳೆ ಇಲ್ಲ ಅನ್ನಾಕ ಬರಂಗಿಲ್ಲ. ಕೆಲವ್ರು ಒಂದು ಅಧಿವೇಶನದಾಗ ರಾಶಿ ಪ್ರಶ್ನೆ ಕೇಳಿರ್ತಾರ, ಕೆಲವ್ರ ಹೆಸರು ಹುಡುಕಿ ಹುಡುಕಿ ಕಣ್ಣು ನೋವು ಬರ್ತೈತಿ. ಮತ್ತ ಹಂಗ ಕೇಳದವ್ರ ಹುಟ್ಟುಹಬ್ಬದ ಬ್ಯಾನರ್ ದೊಡ್ಡದಿರ್ತಾವು, ಇದು ನನ್ನ ಸ್ವಂತ ರಿಸರ್ಚ್.

ಮುಳುಗಡಿ ಮಂದಿ:
ನಮ್ಮ ಬಾಗಲಕೋಟಿ ಕಥಿ ಹೇಳ್ತೀನಿ, ಶಾಸಕರ ಸೇವಾ ಅಂದ್ರ ಎಷ್ಟು ತಿರುವು ಇರ್ತೈತಿ ನೋಡ್ರಿ. 1962ರಾಗ ನಿಜಲಿಂಗಪ್ಪನವ್ರು ಹೊಸದುರ್ಗದಾಗ ಸೋತ್ರು. ಆಮ್ಯಾಲ ಬಾಗಲಕೋಟಿ ಸೀಟ್ ಬಿಟ್ಟುಕೊಟ್ಟು ಅವ್ರನ್ನ ಇಲ್ಲಿಂದ ಆರಿಸಿ ಕಳಸಿದ್ವಿ, ಮುಖ್ಯಮಂತ್ರಿ ಆದ್ರು. ಊರಿನವ್ರಿಗೆ ಹೆಮ್ಮಿ, ಸಿಎಂ ನಮ್ಮ ಊರಿನ ಎಂಎಲ್‌ಎ ಅಂತ. ಅವ್ರ ಕಾಲದಾಗನ, 1964ಕ್ಕ, ಲಾಲ್ ಬಹಾದ್ದೂರ್ ಶಾಸ್ತ್ರಿಯವ್ರು ಬಂದು ಆಲಮಟ್ಟಿ ಡ್ಯಾಮಿಗೆ ಅಡಿಗಲ್ಲು ಹಾಕಿದ್ರು. ಆ ಡ್ಯಾಮಿನ ನೀರಾಗ ನಮ್ಮ ಬಾಗಲಕೋಟಿನ ಮುಳುಗಿತು.

ತಪ್ಪು ಅನ್ನಾಕತ್ತಿಲ್ಲ ನಾ. ಆ ನೀರು ಎಷ್ಟು ಹೊಲಕ್ಕ ಹೋಗೈತಿ, ಗುಮ್ಮಟದ ಹಕ್ಕಿ ಅಕ್ಕಾರ ರೊಟ್ಟಿ ತಿಂದ ಕೆರಿ ತುಂಬಿದ್ದೂ ಕೃಷ್ಣಾ ನೀರ. ಆದ್ರ ನಮ್ಮ ಓಣಿ ಹೋತು, ನಾ ಗಜ್ಜುಗ ಆಡಿದ ಕಟ್ಟಿ ಹೋತು, ನವನಗರಕ್ಕ ಬಂದ್ವಿ, ವಿಳಾಸ ಕೇಳಿದ್ರ ಸೆಕ್ಟರ್ ನಂಬರ್ ಹೇಳೂದು ಕಲ್ತ್ವಿ. ನಮ್ಮವ್ವ ಸಾಯೂತನಾ ಸೆಕ್ಟರ್ ಅನ್ನಲಿಲ್ಲ, "ಹೊಸಾ ಊರು" ಅಂತಿದ್ಲು. ಪರಿಹಾರಕ್ಕ ಕೋರ್ಟು, ಪ್ಲಾಟಿಗೆ ಪಾಳಿ. ಆ ಹೊತ್ತಿನಾಗ ಯಾವ ಪಾರ್ಟಿ ಆಗ್ಲಿ, ಪುನರ್ವಸತಿ ಆಫೀಸಿಗೆ ನಮ್ಮ ಜೋಡಿ ಬಂದು ಬೆಂಚ್ ಮ್ಯಾಲ ಕುಂತ ಶಾಸಕರನ್ನ ನಾವು ಮರ್ತಿಲ್ಲ. ಈಗ ಮತ್ತ ಡ್ಯಾಮಿನ ನೀರಿನ ಮಟ್ಟ 519.60 ಮೀಟರ್‌ನಿಂದ 524.256 ಮೀಟರಿಗೆ ಏರಸೂ ಮಾತು, ಮತ್ತ ಊರು, ಮತ್ತ ಹೊಲ. ಆ ನಾಕೂವರಿ ಮೀಟರ್ ಕಾಗದದ ಮ್ಯಾಲ ಸಣ್ಣದು.

ಮಾಜಿ ಮೆಂಬರ್:
ನಾ ಒಂದು ಅವಧಿಗೆ ಗ್ರಾಮ ಪಂಚಾಯ್ತಿ ಮೆಂಬರ್ ಆಗಿದ್ದೆ. ಒಂದು ಮುಖ್ಯ ವಿಷಯ ಯಾರೂ ಹೇಳವಲ್ರಿ.

ಮೊದಲ ಟಿಸಿ ಸುಟ್ರ, ಸಾಲಿ ಕೋಣಿ ಸೋರಿದ್ರ ಯಾರ ಹತ್ರ ಹೋಗ್ತಿದ್ವಿ? ತಾಲೂಕು ಪಂಚಾಯ್ತಿ ಮೆಂಬರ್, ಜಿಲ್ಲಾ ಪಂಚಾಯ್ತಿ ಮೆಂಬರ್. ಕಡೀ ಚುನಾವಣಿ ಆದದ್ದು 2016ಕ್ಕ, 2021ಕ್ಕ ಅವಧಿ ಮುಗೀತು, ಅವತ್ತಿಂದ ಆ ಕುರ್ಚಿ ಖಾಲಿ, ಆಡಳಿತಾಧಿಕಾರಿ ನಡಸ್ತಾರ. ನಡುವಿನ ಎರಡ ಮೆಟ್ಟಿಲು ತಗದು ಅಟ್ಟಕ್ಕ ಹತ್ತು ಅಂದ್ರ ಹೆಂಗ? ಎಮ್ಮಿ ಕಳದದ್ದೂ ಎಂಎಲ್‌ಎ ಮನಿಗೆ ಬರ್ತೈತಿ. ಮತ್ತ ಎಂಎಲ್‌ಎಗಳಿಗೆ ಇದು ಬ್ಯಾಸರ ಅಂತ ತಿಳೀಬ್ಯಾಡ್ರಿ, ಎಲ್ಲಾ ತಮ್ಮ ಕೈ ಕೆಳಗನ ಇರ್ಲಿ ಅಂತ ಅವ್ರಿಗೂ ಸುಖ.

ಇನ್ನ ರೊಕ್ಕ. ಶಾಸಕರ ನಿಧಿ ವರ್ಷಕ್ಕ 2 ಕೋಟಿ. ದೊಡ್ಡ ನಂಬರ್ ಅನಸ್ತೈತಿ. ಕ್ಷೇತ್ರದಾಗ ಅರವತ್ತು ಹಳ್ಳಿ ಅಂತ ಹಿಡೀರಿ, ಒಂದೂರಿಗೆ ಮೂರು ಲಕ್ಷ ಚಿಲ್ಲರೆ, ಅದೂ ಸಮ ಹಂಚಿದ್ರ. ಆ ರೊಕ್ಕ ಶಾಸಕರ ಕಿಸ್ಯಾಗ ಇರಂಗಿಲ್ಲ, ಅವ್ರು ಬರದು ಕೊಡ್ತಾರ, ಡಿಸಿ ಮಂಜೂರು ಮಾಡ್ತಾರ, ನಿರ್ಮಿತಿ ಕೇಂದ್ರನೋ ಭೂಸೇನಾದವ್ರೋ ಕಟ್ತಾರ. ನಾವು ಕೇಳೂದು ಏನು? ಸಮುದಾಯ ಭವನ. ನಮ್ಮ ಊರಾಗ ಒಂದೊಂದು ಸಮಾಜಕ್ಕ ಒಂದೊಂದು, ಒಟ್ಟು ಐದು ಅದಾವು, ಎರಡಕ್ಕ ಸ್ಲ್ಯಾಬ್ ಬಿದ್ದಿಲ್ಲ, ಒಂದರಾಗ ಹೊಟ್ಟು ತುಂಬ್ಯಾರ. ಸಿಡಿ ಕೇಳಿದವ್ರು ಒಬ್ಬರೂ ಇಲ್ಲ, ಯಾಕಂದ್ರ ಸಿಡಿ ಮ್ಯಾಲ ಸಮಾಜದ ಹೆಸರು ಬರ್ಯಾಕ ಬರಂಗಿಲ್ಲ.

ಕಬ್ಬಿನಗಾಡಿ ತಮ್ಮಾ, ನಿನ್ನ ಕೆಲಸ ಎಲ್ಲಿ ಆಗ್ತೈತಿ ಗೊತ್ತೇನು? ಕೆಡಿಪಿ ಸಭಾದಾಗ, ಅಂದ್ರ ಕೆಲಸದ ಪ್ರಗತಿ ನೋಡೂ ಸಭಾದಾಗ. ತಾಲೂಕಿನ ಎಲ್ಲಾ ಇಲಾಖೆ ಆಫೀಸರ್‌ಗಳು ಕುಂತಿರ್ತಾರ, ಅಧ್ಯಕ್ಷತೆ ಶಾಸಕರದು. ಒಮ್ಮೆ ನಾ ಹೋಗಿದ್ದೆ ಒಂದು ಕೆಲಸಕ್ಕ, ಹಿಂದ ಬಾಗಲ್ದಾಗ ನಿಂತು ನೋಡಿದ್ದು. ಎಲ್ಲಾರ ಮುಂದ ಒಂದೊಂದು ಪ್ಲೇಟ್, ಗೋಡಂಬಿ, ಎರಡ ಬಿಸ್ಕೀಟ್, ಸಣ್ಣ ನೀರಿನ ಬಾಟ್ಲಿ. ಒಬ್ಬ ಆಫೀಸರ್ ಎದ್ದು ಪ್ರಗತಿ ವರದಿ ಓದಾಕತ್ತ, ಶೇಕಡಾ ಇಷ್ಟು ಸಾಧನೆ, ಶೇಕಡಾ ಅಷ್ಟು. ಶಾಸಕರು ಕನ್ನಡಕ ತಗದು ಟೇಬಲ್ ಮ್ಯಾಲ ಇಟ್ರು, "ಹೋದ ಸಭಾದಾಗ ಇದ ಕೆಲಸಕ್ಕ ಅರವತ್ತು ಅಂದಿದ್ರಿ, ಈಗ ಐವತ್ತೈದು ಅಂತೀರಿ, ಐದು ಎಲ್ಲಿ ಹೋತು?" ಅಂದ್ರು. ಆಫೀಸರ್ ಹಾಳಿ ಹಿಂದ ಮುಂದ ತಿರುವ್ಯಾಡಿದ. ಇಡೀ ಹಾಲ್‌ನಾಗ ಫ್ಯಾನಿನ ಸಪ್ಪಳ ಬಿಟ್ರ ಏನಿಲ್ಲ, ಗೋಡಂಬಿ ಬಾಯಾಗ ಹಾಕ್ಕೊಂಡಿದ್ದಾಂವ ಅಗಿಯೂದು ಬಿಟ್ಟಿದ್ದ. ಹೋದ ಸಭಾದ ನಡಾವಳಿ ಓದ್ಕೊಂಡು ಬಂದ ಶಾಸಕರನ್ನ ನಾ ನೋಡಿದ್ದು ಅವತ್ತು ಒಂದ ಸಲ. ಆ ಮನುಷ್ಯಾಂಗ ಮದುವಿಗೆ ಹೋಗಾಕ ಟೈಮ್ ಇರಲಿಲ್ಲ ಅಂತ ಮುಂದಿನ ಚುನಾವಣ್ಯಾಗ ಸೋಲಿಸಿದ್ವಿ. ನಾವು ಅಂದ್ರ ನಾನೂ. ನಾನೂ ಆಗ ಎದುರು ಪಾರ್ಟಿಗೆ ಹಾಕಿದ್ದೆ, ಸುಳ್ಳು ಯಾಕ ಹೇಳ್ಲಿ.

ಕುಣಿಮಗ್ಗ:
2019ರ ಮಾತು ಬಂದದ್ದಕ್ಕ ಒಂದು ಹೇಳ್ತೀನಿ. ನೀರು ಹೊಕ್ಕಾಗ ಮಗ್ಗದ ಕುಣಿ ತುಂಬಿ, ಹಾಸು ಕೊಳತು, ವಾಸನಿ ತಿಂಗಳತನಾ ಹೋಗಲಿಲ್ಲ. ಮೊದಲ 10 ಸಾವಿರ ಬಂತು. ಆಮ್ಯಾಲ ಮನಿಗೆ ಎ, ಬಿ, ಸಿ ಅಂತ ವರ್ಗ ಮಾಡಿದ್ರು, ಎ ಆದ್ರ 5 ಲಕ್ಷ. ನಮ್ಮ ಓಣ್ಯಾಗ ಗೋಡೆ ಪೂರಾ ಬಿದ್ದ ಮನಿಗೆ ಸಿ ಬಂತು, ಪತ್ರಾಸ್ ಹಾರಿದ ಮನಿಗೆ ಎ ಬಂತು. ಹೆಂಗ ಅಂತ ಕೇಳಬ್ಯಾಡ್ರಿ, ಎಲ್ಲಾರಿಗೂ ಗೊತ್ತೈತಿ. ಆವಾಗ ದೋಣಿಯೊಳಗ ಬಂದು ಬಿಸ್ಕೀಟ್ ಪಾಕೀಟ್ ಹಂಚಿ ವಿಡಿಯೋ ಮಾಡಿಸಿದ ಲೀಡರ್‌ಗಳು ಭಾಳ. ಆರು ತಿಂಗಳ ಮ್ಯಾಲ ಆ ಲಿಸ್ಟ್ ಹಿಡ್ಕೊಂಡು ಕುಂತು ಮನಿ ಮನಿ ಮತ್ತ ತಿರಗಿ ನೋಡೂದು ಇತ್ತಲ್ಲ, ಅದಕ್ಕ ಯಾರೂ ಬರಲಿಲ್ಲ.

ರಿಟೈರ್ಡ್ ಮಾಸ್ತರ್:
ಎಲ್ಲಾರೂ ಬೈಯೂದ ಆತು, ನಮ್ಮ ಜಮಖಂಡಿ ತಾಲೂಕಿನ ಸಾವಳಗಿ ಒಂದು ಹೆಸರು ಹೇಳಿ ಸುಮ್ಮಾಗ್ತೀನಿ. ಬಿ.ಡಿ. ಜತ್ತಿಯವ್ರು ಶುರು ಮಾಡಿದ್ದು ಜಮಖಂಡಿ ಮುನಿಸಿಪಾಲ್ಟಿ ಮೆಂಬರ್ ಆಗಿ. ಮೆಂಬರ್, ಅಧ್ಯಕ್ಷ, ಆಮ್ಯಾಲ ಜಮಖಂಡಿ ಸಂಸ್ಥಾನದ ಮುಖ್ಯಮಂತ್ರಿ, ಶಾಸಕ, 1958ರಿಂದ 62ರ ತನಾ ಮೈಸೂರು ರಾಜ್ಯದ ಮುಖ್ಯಮಂತ್ರಿ, ಉಪರಾಷ್ಟ್ರಪತಿ, 1977ರಾಗ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿ. ನಾ ಹುಡುಗ್ರಿಗೆ ಇದನ್ನ ಹೇಳೂಮುಂದ ಕಡೀ ಹುದ್ದೆ ಬಗ್ಗೆ ಹೇಳ್ತಿರಲಿಲ್ಲ, ಭೂ ಸುಧಾರಣಾ ಸಮಿತಿ ಬಗ್ಗೆ ಹೇಳ್ತಿದ್ದೆ. ಜತ್ತಿ ಸಮಿತಿ ವರದಿ ಮ್ಯಾಲನ 1961ರ ಭೂ ಸುಧಾರಣಾ ಕಾಯ್ದೆ ನಿಂತದ್ದು. ಗೇಣಿ ಮಾಡೂ ರೈತನ ಬಗ್ಗೆ ಕುಂತು ಒಂದೊಂದು ಕಲಂ ಬರಸೂದು ಅಂದ್ರ ಅದು ಶಾಸಕನ ಕೆಲಸ. ಶಾಸನ ಮಾಡಾಂವ ಶಾಸಕ, ಶಬ್ದದಾಗ ಐತಿ. ನಾವ ಅವನ್ನ ಅಕ್ಷತಾ ಹಾಕಾಕ ಹಚ್ಚೀವಿ.

ಜವಾರಿ ಹುಡ್ಗ:
ಎಲ್ಲಾ ಬರೋಬ್ಬರಿ ಮಾಸ್ತರ. ಒಂದು ಪ್ರಶ್ನೆ, ಚುಕ್ಕೆ ಗುರುತಿಂದು. ಕಬ್ಬಿನಗಾಡಿ ಅಣ್ಣಾ, ನಾಕ ನಿಮಿಷ ಹನ್ನೊಂದು ಸೆಕೆಂಡ್ ವಿಡಿಯೋ ಮಾಡ್ದಿ. ಸಿಡಿ ಬಗ್ಗೆ ನೀ ಯಾಕ ಕೇಳಲಿಲ್ಲ?

ಕಬ್ಬಿನಗಾಡಿ:
ಉದ್ಭವಿಸುವುದಿಲ್ಲ.

ಇಲ್ರಿ, ಖರೆ ಹೇಳ್ತೀನಿ. ವಿಡಿಯೋದ ಮೂರನೇ ನಿಮಿಷದಾಗ ನಾನೂ ಅದೀನಿ, ಕ್ಯಾಮೆರಾ ನಮ್ಮ ತಮ್ಮನ ಕೈಗೆ ಕೊಟ್ಟು ಸಾಹೇಬ್ರ ಬಾಜೂಕ ನಿಂತು ಹಲ್ಲು ಕಿಸದೀನಿ. ಅವ್ರು ಹೆಗಲ ಮ್ಯಾಲ ಕೈ ಇಟ್ಟು "ಏನ್ ನಡಸೀಯೋ" ಅಂತ ಕೇಳಿದ್ರು. "ಚಲೋ ಐತ್ರಿ ಸರ" ಅಂದೆ.

ಮಾಜಿ ಮೆಂಬರ್:
ಅರ್ಜಿ ಬರಿ. ಬಿಳಿ ಹಾಳಿ ಮ್ಯಾಲ, ಸರ್ವೆ ನಂಬರ್ ಹಾಕು, ಹಳ್ಳದ ಹೆಸರು ಹಾಕು, ಆ ದಾರಿ ಮ್ಯಾಲಿನ ಮೂವತ್ತು ಮಂದಿದು ಸಹಿ ಬೀಳ್ಲಿ. ಸಿಡಿ ಹೋದ ಫೋಟೋ, ಟ್ರ್ಯಾಕ್ಟರ್ ಹೂತ ಫೋಟೋ ಹಚ್ಚು. ಒಂದು ಪ್ರತಿ ಶಾಸಕರಿಗೆ, ಒಂದು ತಾಲೂಕು ಪಂಚಾಯ್ತಿ ಇಒಗೆ, ಒಂದು ಪಂಚಾಯತ್ ರಾಜ್ ಇಂಜಿನಿಯರಿಂಗ್ ಆಫೀಸಿಗೆ. ಸ್ವೀಕೃತಿ ಸಿಕ್ಕಾ ಹಾಕಿಸ್ಕೊಂಡು ಬಾ, ಸಿಕ್ಕಾ ಇಲ್ಲದ ಅರ್ಜಿ ಅಂದ್ರ ಹಾಳಿ.

ಹಳೇ ಪಿಎ:
ಪತ್ರ ಕೊಟ್ರ ಸಹಿ ನೋಡು ತಮ್ಮಾ.

ಕಬ್ಬಿನಗಾಡಿ:
ಹದಿನೆಂಟು ದಿನದ ಮ್ಯಾಲ ಬರ್ಯಾಕತ್ತೀನಿ. ಮೂವತ್ತು ಸಹಿ ಆಗಲಿಲ್ಲ, ಇಪ್ಪತ್ತೆರಡು ಆದ್ವು, ಉಳದವ್ರು "ನೀ ಮುಂದ ನಡಿ, ನಾವು ಹಿಂದ ಅದೀವಿ" ಅಂದ್ರು. ನಿನ್ನೆ ಬೆಳಿಗ್ಗೆ ಐದೂವರಿಗೇ ಹೋಗಿ ಸಾಹೇಬ್ರ ಮನಿ ಮುಂದ ನಿಂತಿದ್ದೆ. ಕಾಕಾನೂ ಬಂದಿದ್ದ, ಅವಂದು ಹೊಸಾ ಮನಿ ವಾಸ್ತುಶಾಂತಿ ಐತಿ, ಕಾರ್ಡು ಕೊಡಾಕ.

ಸಾಹೇಬ್ರು ಅರ್ಜಿ ಪೂರಾ ಓದಿದ್ರು, ಅದನ್ನ ಮಾತ್ರ ಒಪ್ಕೋಬೇಕು. ಟ್ರ್ಯಾಕ್ಟರ್ ಫೋಟೋ ನೋಡಿ, "ಇದು ಯಾರ ಗಾಡಿ?" ಅಂದ್ರು, ನಂದ್ರಿ ಅಂದೆ. ಪತ್ರ ಬರಸಿದ್ರು. ಸಹಿ ಪೂರಾ ಹೆಸರಿಂದು, ಆದ್ರ ತಾರೀಖು ಇಲ್ಲ. ಹಳೇ ಪಿಎ ಕಾಕಾ, ಇದು ಯಾವ ಲೆಕ್ಕಕ್ಕ ಬರ್ತೈತಿ ಹೇಳ್ರಿ.

ಕಾಕಾನ ಕಾರ್ಡು ಈಗಿನ ಪಿಎ ತಗೊಂಡು ಮೂರು ಗುಡ್ಡಿಯೊಳಗ ಮೊದಲನೇದರ ಮ್ಯಾಲ ಇಟ್ಟ, ನಾ ಕಣ್ಣಾರೆ ನೋಡೀನಿ. "ಮುಹೂರ್ತ ಎಷ್ಟಕ್ಕ?" ಅಂತ ಕೇಳಿದ. ಅರ್ಜಿಗೆ ಸಿಕ್ಕಾ ಹಾಕು ಅಂದ್ರ, ಸಿಕ್ಕಾ ಒಳಗ ಐತಿ, ಸೋಮವಾರ ಬಾ ಅಂದ.